ಉತಾರ ಯಾರ ಹೆಸರಿನಲ್ಲಿದೆ?

ಗದಗಿನ ಓದುಗರೊಬ್ಬರ ಪತ್ರ: 'ಹತ್ತು ವರ್ಷದಿಂದ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಮಾಡಿ ಮಾರುತ್ತಿದ್ದೇವೆ. ಅಂಗಡಿಗೆ ನಮ್ಮ ಅತ್ತೆಯ ಹೆಸರು. ಐದು ವರ್ಷದ ಹಿಂದೆ ಹುಡುಗನೊಬ್ಬ ಅದೇ ಹೆಸರಿನ ಡಾಟ್ ಇನ್ ವೆಬ್‌ಸೈಟ್ ಮಾಡಿಕೊಟ್ಟ. ಈಗ "ವಿಳಾಸ ನನ್ನ ಹೆಸರಿನಲ್ಲಿದೆ, ಬೇಕಾದರೆ 60,000 ರೂಪಾಯಿ ಕೊಡಿ" ಅನ್ನುತ್ತಾನೆ. ಹೋದ ವರ್ಷದ ಅವನ ಬಿಲ್ಲು ನಾವು ಕೊಟ್ಟಿಲ್ಲ, ಅದೂ ನಿಜ. ಆದರೆ ನಮ್ಮ ಅತ್ತೆಯ ಹೆಸರಿಗೆ ಇವನು ಹೇಗೆ ಮಾಲೀಕನಾದ?'

ಅಕ್ಕಾ, ಪತ್ರದ ಜೊತೆ ನೀವು ಕಳಿಸಿದ ಚಟ್ನಿ ಪ್ಯಾಕೆಟ್ ನನ್ನ ಮೇಜಿನ ಮೇಲಿದೆ. ಮುಂದೆ ದಪ್ಪ ಅಕ್ಷರದಲ್ಲಿ ಅತ್ತೆಯ ಹೆಸರು. ಹಿಂದೆ ಹಳೆಯ ಫೋನ್ ನಂಬರಿನ ಮೇಲೆ ಹೊಸ ನಂಬರಿನ ಚೀಟಿ ಅಂಟಿಸಿದ್ದೀರಿ. ಅದರ ಕೆಳಗೆ ಆ ವಿಳಾಸ. ಅದರ ಮೇಲೆ ಇನ್ನೊಂದು ಚೀಟಿ ಅಂಟಿಸಿದರೆ ಮುಗಿಯುವುದಿಲ್ಲ. ಪರ ಊರಿನ ಗಿರಾಕಿಗಳಿಗೆ ನಿಮ್ಮ ಅಂಗಡಿಯ ಬಾಗಿಲು ಅದೇ ಅಲ್ವಾ?

ಇಂಟರ್ನೆಟ್ ವಿಳಾಸವನ್ನು ಯಾರೂ ಕಾಯಂ ಖರೀದಿ ಮಾಡುವುದಿಲ್ಲ. ಅದು ಲಾವಣಿಗೆ, ಅಂದರೆ ಗುತ್ತಿಗೆಗೆ, ಹಿಡಿದ ಹೊಲದ ಹಾಗೆ. ಒಮ್ಮೆಗೆ ಹೆಚ್ಚೆಂದರೆ 10 ವರ್ಷಕ್ಕೆ ದುಡ್ಡು ಕಟ್ಟಬಹುದು, ಆಮೇಲೆ ಮತ್ತೆ ಕಟ್ಟಬೇಕು. ನೋಂದಣಿ ಯಾರ ಹೆಸರಿನಲ್ಲಿದೆಯೋ ಸದ್ಯಕ್ಕೆ ಕೀಲಿಕೈ ಅವರದು. ಹುಡುಗ ಹೇಳಿದ್ದು ಅಷ್ಟರ ಮಟ್ಟಿಗೆ ಖರೆ. ಆದರೆ ಉತಾರದಲ್ಲಿ, ಅಂದರೆ ಹೊಲದ ಪಹಣಿಯಲ್ಲಿ, ಹೆಸರು ಹತ್ತಿದ ಮಾತ್ರಕ್ಕೆ ಹೊಲ ಅವನದಾಗುವುದಿಲ್ಲ ಎಂಬುದು ನಮ್ಮ ಕಡೆ ಎಲ್ಲರಿಗೂ ಗೊತ್ತು.

ಈ ಮಾತು ಇತ್ಯರ್ಥವಾದದ್ದು ನಮ್ಮ ರಾಜ್ಯದಿಂದಲೇ ಹೋದ ಒಂದು ಕೇಸಿನಲ್ಲಿ. ಸತ್ಯಂ ಇನ್ಫೋವೇ ಕಂಪನಿ 'ಸಿಫಿ' ಎಂಬ ಹೆಸರು ಕಟ್ಟಿಕೊಂಡಿತ್ತು. ಇನ್ನೊಂದು ಕಂಪನಿ 'ಸಿಫಿನೆಟ್' ಎಂದು ವಿಳಾಸ ಹಿಡಿಯಿತು. ಬೆಂಗಳೂರಿನ ಸಿವಿಲ್ ಕೋರ್ಟ್ ತಡೆಯಾಜ್ಞೆ ಕೊಟ್ಟಿತು, ಹೈಕೋರ್ಟ್ ಅದನ್ನು ತೆಗೆದುಹಾಕಿತು. 2004ರಲ್ಲಿ ಸುಪ್ರೀಂ ಕೋರ್ಟ್ ಸತ್ಯಂ ಪರ ನಿಂತಿತು. ವಿಳಾಸಗಳಿಗೆಂದೇ ಬೇರೆ ಕಾನೂನು ಇಲ್ಲದಿದ್ದರೂ ವ್ಯಾಪಾರದ ಹೆಸರಿಗಿರುವ ರಕ್ಷಣೆ ಅವಕ್ಕೂ ಉಂಟು ಎಂದಿತು. ಹಾಗಾಗಿ ಟ್ರೇಡ್‌ಮಾರ್ಕ್ ನೋಂದಣಿ ಇಲ್ಲವೆಂದು ಧೈರ್ಯ ಕಳೆದುಕೊಳ್ಳಬೇಡಿ. ಹತ್ತು ವರ್ಷದ ಬಿಲ್ಲು, ಪ್ಯಾಕೆಟ್, ಜಾಹೀರಾತು ಎಲ್ಲ ತೆಗೆದಿಡಿ. ಆ ಹೆಸರಿನ ವ್ಯಾಪಾರ ಮೊದಲಿನಿಂದ ನಿಮ್ಮದು ಎನ್ನಲು ಅವೇ ಸಾಕ್ಷಿ.

ಕೋರ್ಟಿಗೆ ಹೋಗದೆಯೂ ಒಂದು ದಾರಿ ಇದೆ. ಡಾಟ್ ಇನ್ ವಿಳಾಸಗಳನ್ನು ನೋಡಿಕೊಳ್ಳುವುದು ದೆಹಲಿಯ ನಿಕ್ಸಿ ಸಂಸ್ಥೆ. ಅಲ್ಲಿ ದೂರು ಕೊಟ್ಟರೆ ಒಬ್ಬ ಮಧ್ಯಸ್ಥಗಾರರನ್ನು ನೇಮಿಸುತ್ತಾರೆ. ನೀವು ಮೂರು ಸಂಗತಿ ತೋರಿಸಬೇಕು: ವಿಳಾಸ ನಿಮ್ಮ ಹೆಸರನ್ನೇ ಹೋಲುತ್ತದೆ, ಆ ಹೆಸರಿನ ಮೇಲೆ ಅವನಿಗೆ ಹಕ್ಕಿಲ್ಲ, ಕೆಟ್ಟ ಉದ್ದೇಶದಿಂದ ಅದನ್ನು ನೋಂದಾಯಿಸಿದ್ದಾನೆ ಅಥವಾ ಬಳಸುತ್ತಿದ್ದಾನೆ. ಆ 'ಅಥವಾ' ನಿಮ್ಮ ಪಾಲಿಗೆ ದೊಡ್ಡದು. ಡಾಟ್ ಕಾಮ್ ಆಗಿದ್ದರೆ ಎರಡನ್ನೂ ತೋರಿಸಬೇಕಿತ್ತು. ಐದು ವರ್ಷದ ಹಿಂದೆ ಅವನ ಮನಸ್ಸಿನಲ್ಲಿ ಏನಿತ್ತೋ ಯಾರು ಹೇಳಬೇಕು? ಹೆಸರಿನ ಒಡೆಯರಿಗೇ ಖರ್ಚಿಗಿಂತ ಜಾಸ್ತಿ ದುಡ್ಡಿಗೆ ಮಾರಲೆಂದು ವಿಳಾಸ ಹಿಡಿಯುವುದು ಕೆಟ್ಟ ಉದ್ದೇಶದ ಗುರುತು. 60,000 ಕೇಳಿದ ಮೆಸೇಜನ್ನು ಯಾವ ಕಾರಣಕ್ಕೂ ಅಳಿಸಬೇಡಿ. ಗೆದ್ದರೆ ವಿಳಾಸ ನಿಮ್ಮ ಹೆಸರಿಗೆ ಬರುತ್ತದೆ. ಆದ ನಷ್ಟಕ್ಕೆ ಪರಿಹಾರ ಬೇಕೆಂದರೆ ಕೋರ್ಟಿಗೇ ಹೋಗಬೇಕು.

ಇನ್ನು ಆ ಬಾಕಿ ಬಿಲ್ಲು. ಬೇಜಾರಾಗಬೇಡಿ ಅಕ್ಕಾ, ಅದನ್ನು ಮೊದಲು ಕೊಟ್ಟುಬಿಡಿ. ಬ್ಯಾಂಕಿನ ಮೂಲಕವೇ ಕೊಡಿ, ರಸೀದಿ ಇಟ್ಟುಕೊಳ್ಳಿ. ಇಲ್ಲದಿದ್ದರೆ 'ದುಡಿದ ಕೂಲಿ ಬಂದಿಲ್ಲ, ಅದಕ್ಕೇ ಹಿಡಿದಿಟ್ಟೆ' ಅನ್ನಲು ಅವನಿಗೆ ದಾರಿಯಾಗುತ್ತದೆ. ಹೆಸರಿನ ತಗಾದೆ ಹೋಗಿ ಸುಮ್ನೆ ಲೇವಾದೇವಿ ತಗಾದೆ ಅನ್ನಿಸಿದರೆ ನಿಮ್ಮ ದೂರಿಗೆ ಬಲ ಕಡಿಮೆ. ನ್ಯಾಯವಾಗಿ ನೋಡಿದರೂ ಅವನ ದುಡಿಮೆಯ ದುಡ್ಡು ಅವನಿಗೆ ಸೇರಬೇಕು.

ಬಿಲ್ಲು ತೀರಿಸಿದ ಮೇಲೆ ಒಮ್ಮೆ ಮನೆಗೆ ಕರೆದು ಕೂತು ಮಾತಾಡಿ. ಅವನು ಒಪ್ಪಿದರೆ ನೋಂದಣಿಯಲ್ಲಿ ಹೆಸರು, ಇಮೇಲ್, ಫೋನ್ ಮೂರೂ ನಿಮ್ಮದಾಗಬೇಕು. ಖಾತೆಯ ಪಾಸ್‌ವರ್ಡ್ ಅಲ್ಲೇ ಬದಲಾಗಬೇಕು. ಒಪ್ಪದಿದ್ದರೆ ಕಾಗದಪತ್ರ ತೆಗೆದುಕೊಂಡು ಹುಬ್ಬಳ್ಳಿಯ ನಮ್ಮ ಕಚೇರಿಗೆ ಬನ್ನಿ. ಟ್ರೇಡ್‌ಮಾರ್ಕ್ ಕೇಸು ನೋಡುವ ವಕೀಲರ ಹತ್ತಿರ ನಾನೇ ಕರೆದುಕೊಂಡು ಹೋಗುತ್ತೇನೆ. ಅಲ್ಲಿಯ ತನಕ ಹೊಸ ಪ್ಯಾಕೆಟ್ ಪ್ರಿಂಟಿಗೆ ಕೊಡಬೇಡಿ.