ಕಾಲ್ಪನಿಕ ಭಾಗ 4ಐ ಅಲ್ಲ, 4

ಮೊದಲ ಪಿಯುಸಿಯಲ್ಲಿ ಸಂಮಿಶ್ರ ಸಂಖ್ಯೆಗಳ (3 + 4ಐ ತರಹದವು; ಐ ಅಂದರೆ −1ರ ವರ್ಗಮೂಲ) ಪಾಠ ಶುರುವಾಯಿತೆಂದರೆ ಇವೇ ನಾಲ್ಕು ಪ್ರಶ್ನೆಗಳು ಬರತೊಡಗುತ್ತವೆ. ಕಲಬುರಗಿಯಲ್ಲಿ ಇಷ್ಟು ವರ್ಷ ಇದನ್ನೇ ಪಾಠ ಮಾಡಿದ್ದೇನೆ. ಪ್ರಶ್ನೆಯೂ ಬದಲಾಗಿಲ್ಲ, ಅದರ ಹಿಂದಿನ ತಪ್ಪು ಕಲಿಕೆಯೂ ಬದಲಾಗಿಲ್ಲ. ಕೂಡುವ, ಕಳೆಯುವ ವಿಧಾನ ಪಠ್ಯಪುಸ್ತಕದಲ್ಲಿದೆ, ಅಲ್ಲೇ ನೋಡಿಕೊಳ್ಳಿ.

ಪ್ರಶ್ನೆ: ಸರ್, 3 + 4ಐ ಇದರ ಕಾಲ್ಪನಿಕ ಭಾಗ 4ಐ ಅಂತ ಬರೆದೆ, ಅಂಕ ಕೊಡಲಿಲ್ಲ. ಕಾಲ್ಪನಿಕ ಅಂದ ಮ್ಯಾಲೆ ಐ ಇರಬೇಕಲ್ಲೇನ್ರಿ? ಇಲ್ಲದ್ದನ್ನ ಯಾಕ ಕಲೀಬೇಕು? (ವಿದ್ಯಾರ್ಥಿನಿ, ಸೇಡಂ)

ಅಂಕ ಕೊಡದವರು ಸರಿಯಾಗಿಯೇ ಮಾಡಿದ್ದಾರಮ್ಮ. ವಾಸ್ತವ ಭಾಗ 3, ಕಾಲ್ಪನಿಕ ಭಾಗ 4. ಎರಡೂ ವಾಸ್ತವ ಸಂಖ್ಯೆಗಳೇ. ಆ 4 ಯಾವ ದಿಕ್ಕಿನದು ಎಂದು ತೋರಿಸುವ ಗುರುತು ಐ. ‘ಐ ಅಂಟಿದ್ದೆಲ್ಲ ಕಾಲ್ಪನಿಕ ಭಾಗ’ ಎಂದು ಶಾರ್ಟ್‌ಕಟ್ ನೋಟ್ಸ್ ಮಾರುವವರು ಮಕ್ಕಳ ತಲೆಯಲ್ಲಿ ತುಂಬುತ್ತಾರೆ. ಅದು ನನಗೆ ನಿಜವಾಗಿ ಸಿಟ್ಟು ತರಿಸುತ್ತದೆ. ಇನ್ನೊಂದು: 3 − 4ಐ ಇದ್ದರೆ ಕಾಲ್ಪನಿಕ ಭಾಗ −4. ಚಿಹ್ನೆ ಬಿಟ್ಟು ಬರೆಯಬೇಡಿ.

ತೊಗರಿ ಹೊಲದ ಮೂಲೆಯಲ್ಲಿ ಪೂರ್ವಕ್ಕೆ ಮುಖ ಮಾಡಿ ನಿಲ್ಲು. ಸಾಲು ಹಿಡಿದು ಮೂರು ಹೆಜ್ಜೆ ನಡೆ. ಆಮೇಲೆ ಎಡಕ್ಕೆ ಹೊರಳಿ, ಸಾಲು ದಾಟುತ್ತ ನಾಲ್ಕು ಹೆಜ್ಜೆ. ನೀನು ನಿಂತ ಜಾಗವೇ 3 + 4ಐ. ಮೂಲೆಯಿಂದ ನೇರ ಅಳೆದರೆ ಐದು ಹೆಜ್ಜೆ. ಅಡ್ಡ ನಡೆದ ಆ ನಾಲ್ಕು ಹೆಜ್ಜೆ ಇಲ್ಲವೆನ್ನಲು ಬರುತ್ತದೆಯೇ?

ಐನಿಂದ ಗುಣಿಸುವುದೆಂದರೆ ಎಡಕ್ಕೆ ಕಾಲು ಸುತ್ತು ಹೊರಳುವುದು. ಎರಡು ಸಲ ಹೊರಳಿದರೆ ಮುಖ ಪಶ್ಚಿಮಕ್ಕೆ. ಐಯನ್ನು ಐನಿಂದ ಗುಣಿಸಿದರೆ −1 ಬರುವುದು ಹೀಗೆ. ಈಗ ಅದೇ ನಡಿಗೆಯನ್ನು ಉತ್ತರಕ್ಕೆ ಮುಖ ಮಾಡಿ ಆರಂಭಿಸು: ಮೂರು ಹೆಜ್ಜೆ ಉತ್ತರಕ್ಕೆ, ನಾಲ್ಕು ಪಶ್ಚಿಮಕ್ಕೆ, ಅಂದರೆ −4 + 3ಐ. ಪೆನ್ನು ಹಿಡಿದು 3 + 4ಐಯನ್ನು ಐನಿಂದ ಗುಣಿಸಿ ನೋಡು, ಅದೇ ಬರುತ್ತದೆ. ವಾಸ್ತವ ಭಾಗದಲ್ಲಿದ್ದ 3 ಕಾಲ್ಪನಿಕ ಭಾಗಕ್ಕೆ ಹೋಯಿತು. ಬರೀ ಹೊರಳಿದ್ದಕ್ಕೆ ನಿಜ ಸುಳ್ಳಾಗುವುದಿಲ್ಲ.

‘ಕಾಲ್ಪನಿಕ’ ಎಂಬ ಹೆಸರು 1637ರಲ್ಲಿ ಫ್ರಾನ್ಸಿನ ಗಣಿತಜ್ಞ ದೆಕಾರ್ತ್ ಬಳಸಿದ್ದು. ಅದಕ್ಕೂ ಮೊದಲು, 1572ರಲ್ಲೇ, ಇಟಲಿಯ ಬೊಂಬೆಲ್ಲಿ −121ರ ವರ್ಗಮೂಲ ಬರುವ ಲೆಕ್ಕವನ್ನು ಕೈಬಿಡದೆ ಬಿಡಿಸಿದ್ದ. ಕೊನೆಗೆ 2 + ಐ ಮತ್ತು 2 − ಐ ಕೂಡಿ, ಕಾಲ್ಪನಿಕ ಭಾಗಗಳು ಹೊಡೆದುಹೋಗಿ, 4 ಎಂಬ ಸರಿ ಉತ್ತರ ಬಂತು.

ಹೊಲದ ಮೋಟರ್ ನೋಡಿದರೂ ತಿಳಿಯುತ್ತದೆ. ಅದು ನೀರೆತ್ತಲು 3 ಕಿಲೋವಾಟ್ ಬಳಸುತ್ತದೆ ಎನ್ನೋಣ. ಅದು ವಾಸ್ತವ ಭಾಗ. ಸುರುಳಿಯಲ್ಲಿ ಕಾಂತಕ್ಷೇತ್ರ ಕಟ್ಟಲು ಹೋಗಿ ಮತ್ತೆ ಲೈನಿಗೆ ಮರಳುವ ಪಾಲು 4; ಅದು ಕಾಲ್ಪನಿಕ ಭಾಗ. ಅದು ಒಂದು ಹನಿ ನೀರನ್ನೂ ಎತ್ತುವುದಿಲ್ಲ. ಆದರೆ ತಂತಿ ಮತ್ತು ಟಿ.ಸಿ. (ಟ್ರಾನ್ಸ್‌ಫಾರ್ಮರ್) ಮೇಲೆ ಬೀಳುವ ಹೊರೆ, ಹೊಲದ ಮೂಲೆಯಿಂದ ನೇರ ಅಳೆದ ಹಾಗೆ, 5 ಕೆವಿಎ (ಒಟ್ಟು ಹೊರೆಯ ಅಳತೆ), ಅವು ಬಿಸಿಯಾಗುವುದೂ ಆ 5ಕ್ಕೇ. ಸರಿಯಾದ ಅಳತೆಯ ಕೆಪಾಸಿಟರ್ ಹಚ್ಚಿದರೆ ಆ 4 ಕುಗ್ಗುತ್ತದೆ, ಹೊರೆ 3ರ ಹತ್ತಿರ ಬರುತ್ತದೆ. ಇದನ್ನು ಓದಿ ನೀವೇ ಪೆಟ್ಟಿಗೆ ಬಿಚ್ಚಬೇಡಿ. ಕರೆಂಟ್ ತೆಗೆದ ಮೇಲೂ ಕೆಪಾಸಿಟರ್‌ನಲ್ಲಿ ಚಾರ್ಜ್ ಉಳಿದಿರುತ್ತದೆ. ಬಲ್ಲ ಎಲೆಕ್ಟ್ರಿಷಿಯನ್‌ನನ್ನೇ ಕರೆಸಿ.

ಪ್ರಶ್ನೆ: −4 ಮತ್ತು −9ರ ವರ್ಗಮೂಲಗಳ ಗುಣಲಬ್ಧ 6 ತಾನೆ? (ಬೀದರ್)

ಅಲ್ಲ, −6. ಮೊದಲು 2ಐ, 3ಐ ಎಂದು ಬರೆದುಕೊಂಡು ಆಮೇಲೆ ಗುಣಿಸಿ.

ಪ್ರಶ್ನೆ: 3 + 4ಐ ದೊಡ್ಡದೋ 4 + 3ಐ ದೊಡ್ಡದೋ? (ಶಹಾಪುರ)

ಇವುಗಳಲ್ಲಿ ದೊಡ್ಡದು ಸಣ್ಣದು ಎಂಬುದಿಲ್ಲ. ಮೂಲೆಯಿಂದ ದೂರ ಮಾತ್ರ ಹೋಲಿಸಬಹುದು. ಎರಡಕ್ಕೂ ಅದು 5.

ಪ್ರಶ್ನೆ: ಸಂಮಿಶ್ರ ಸಂಖ್ಯೆ ಕಂಡುಹಿಡಿದವರು ನಮ್ಮ ಮಹಾವೀರಾಚಾರ್ಯರೇ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ನಿಜವೇ? (ಕಲಬುರಗಿ)

ಸುಳ್ಳು. ಮಳಖೇಡದಿಂದ ಆಳಿದ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಅವರು ‘ಗಣಿತಸಾರಸಂಗ್ರಹ’ ಬರೆದರು. ಋಣ ಸಂಖ್ಯೆ ಸ್ವಭಾವತಃ ವರ್ಗವಲ್ಲ, ಆದ್ದರಿಂದ ಅದಕ್ಕೆ ವರ್ಗಮೂಲವಿಲ್ಲ ಎಂದು ಅದರಲ್ಲಿ ಸ್ಪಷ್ಟವಾಗಿ ಹೇಳಿದ್ದಾರೆ. ತೊಡಕು ಎಲ್ಲಿದೆ ಎಂದು ಅಷ್ಟು ಹಿಂದೆಯೇ ಗುರುತಿಸಿದ್ದು ದೊಡ್ಡ ಮಾತು. ಅವರು ಹೇಳದ್ದನ್ನು ಅವರ ಹೆಸರಿಗೆ ಹಚ್ಚಿ ಹಂಚಬೇಡಿ.