ಮಳೆ ಪುಸ್ತಕ

ಮಗಳು ಕಾಲೇಜಿಗೆ ಹೊರಟಿದ್ದಕ್ಕೆ ಇಷ್ಟೊಂದು ಯೋಚನೆ ಯಾಕೆ, ನೀವು ಗಡಿಯವರು, ಓಡಾಟ ನಿಮಗೆ ಹೊಸದಲ್ಲವಲ್ಲ ಅಂತ ಕೇಳಿದಿರಿ. ಪ್ರೀತಿಯಿಂದಲೇ ಕೇಳಿದಿರಿ ಅಂತ ಗೊತ್ತು. ಅದಕ್ಕೇ ಬಿಡಿಸಿ ಹೇಳುತ್ತೇನೆ.

ಓಡಾಟ ಹೊಸದಲ್ಲ, ನಿಜ. ನಮ್ಮದು ಕುಟ್ಟ, ಕೊಡಗಿನ ದಕ್ಷಿಣದ ತುದಿ. ಇಲ್ಲಿಂದ ಸ್ವಲ್ಪ ಮುಂದೆ ಹೋದರೆ ತೋಲ್ಪೆಟ್ಟಿ, ಅಲ್ಲಿಗೆ ಕೇರಳ ಶುರು. ನಮ್ಮ ಜಿಲ್ಲಾ ಕೇಂದ್ರ ಮಡಿಕೇರಿಗಿಂತ ವಯನಾಡಿನ ಮಾನಂದವಾಡಿಯೇ ಹತ್ತಿರ. ಜ್ವರ ಜಾಸ್ತಿಯಾದರೆ ಅಲ್ಲಿಗೆ ಓಡುತ್ತೇವೆ, ಮದುವೆ ಸೀರೆಗೂ ಅಲ್ಲಿಗೇ. ಮನೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳ, ಪಕ್ಕದ ಮನೆಯಲ್ಲಿ ಕೊಡವ ತಕ್ಕ್, ತೋಟದ ಕೆಲಸಕ್ಕೆ ಬರುವವರ ಜೊತೆ ಯರವ ಮಾತು. ಮಗಳು ಶಾಲೆಗೆ ಸೇರುವ ಮೊದಲೇ ಈ ನಾಲ್ಕೂ ಆಡುತ್ತಿದ್ದಳು. ಆದರೆ ಗಡಿ ದಾಟಿ ಹೋದವರು ಸಂಜೆ ಊಟಕ್ಕೆ ಮನೆಗೆ ಬರುತ್ತಾರೆ. ಇವಳು ಹೊರಟಿರುವುದು ಹಾಗಲ್ಲ.

ಅವಳ ವಿಷಯ ಹೇಳಬೇಕಾದರೆ ಮಳೆಯಿಂದ ಶುರು ಮಾಡಬೇಕು. ಕೊಡಗಿನಲ್ಲಿ ಮಳೆಗಾಲದಲ್ಲಿ ಇಬ್ಬರು ಎದುರಾದರೆ ಮೊದಲ ಮಾತು, "ನಿಮ್ಮಲ್ಲಿ ಎಷ್ಟಾಯ್ತು?" ಕೇಳುವುದು ಮಳೆ ಲೆಕ್ಕ. ಕಾಫಿ ಬೆಳೆಯುವವರ ಮನೆಯ ಅಂಗಳದಲ್ಲಿ ಮಳೆಮಾಪಕ ಇರುತ್ತದೆ, ಒಳಗೊಂದು ಪುಸ್ತಕ ಇರುತ್ತದೆ. ನಾವು ಮಿಲಿಮೀಟರ್ ಅನ್ನುವುದಿಲ್ಲ. ಇಂಚು, ಸೆಂಟ್. ನೂರು ಸೆಂಟ್ ಸೇರಿದರೆ ಒಂದು ಇಂಚು. ನಮ್ಮದು ಎರಡೂವರೆ ಎಕರೆ ರೊಬಸ್ಟಾ ಕಾಫಿ, ಮರಗಳಿಗೆ ಹಬ್ಬಿದ ಸ್ವಲ್ಪ ಕರಿಮೆಣಸು. ಫೆಬ್ರವರಿ, ಮಾರ್ಚ್‌ನಲ್ಲಿ ಒಂದು ಇಂಚಿನಷ್ಟು ಹೂಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬಂದರೆ ಎಂಟೊಂಬತ್ತು ದಿನಕ್ಕೆ ತೋಟವೆಲ್ಲ ಬಿಳಿ. ಬರಲಿಲ್ಲವೋ, ಆ ವರ್ಷದ ಲೆಕ್ಕವೇ ಬೇರೆ. ಹಾಗಾಗಿ ಆ ಪುಸ್ತಕ ನಮಗೆ ಬ್ಯಾಂಕಿನ ಪಾಸ್‌ಬುಕ್ಕಿನಷ್ಟೇ ಮುಖ್ಯ.

ಒಂಬತ್ತನೇ ವಯಸ್ಸಿಗೆ ಅವಳು ಆ ಪುಸ್ತಕ ತನ್ನ ಕೈಗೆ ತಗೊಂಡಳು. ಒಂದು ದಿನ ಅಡುಗೆಮನೆಗೆ ಬಂದು, "ಅಮ್ಮಾ, ಒಂದು ಇಂಚು ಅಂದ್ರೆ ಒಂದು ಎಕರೆಗೆ ಎಷ್ಟು ಕೊಡ ನೀರು?" ಎಂದಳು. ನನಗೆ ಗೊತ್ತಿರಲಿಲ್ಲ. ಯಾರಾದರೂ ಅದನ್ನು ಕೇಳಬಹುದು ಅಂತಲೂ ಹೊಳೆದಿರಲಿಲ್ಲ. ಅವಳು ಹಳೆ ಕ್ಯಾಲೆಂಡರಿನ ಹಿಂಭಾಗದಲ್ಲಿ ಕೂತು ಲೆಕ್ಕ ಹಾಕಿದಳು. ಒಂದು ಲಕ್ಷದ ಎರಡು ಸಾವಿರದ ಚಿಲ್ಲರೆ ಲೀಟರ್. ನಮ್ಮ ಹಿತ್ತಾಳೆ ಕೊಡಕ್ಕೆ ಎಷ್ಟು ಹಿಡಿಯುತ್ತದೆ ಅಂತ ಲೋಟದಲ್ಲಿ ಸುರಿದು ಸುರಿದು ನೋಡಿದಳು. ಹದಿನೈದು ಲೀಟರ್. ಒಟ್ಟು 6,850 ಕೊಡ. ಆಮೇಲೆ ಬಾಗಿಲಲ್ಲಿ ನಿಂತು ಮಳೆಯನ್ನೇ ನೋಡುತ್ತಿದ್ದಳು, ಅಷ್ಟೂ ಕೊಡವನ್ನು ಯಾರೋ ಹೊತ್ತು ತಂದು ಸುರಿದ ಹಾಗೆ. ಆ ಕ್ಯಾಲೆಂಡರ್ ಹಾಳೆ ಇವತ್ತಿಗೂ ನನ್ನ ಸೀರೆ ಪೆಟ್ಟಿಗೆಯಲ್ಲಿದೆ.

2018ರ ಆಗಸ್ಟ್ ಪುಟವೂ ಹಾಗೇ ಇದೆ. ಮಡಿಕೇರಿ ಸುತ್ತ ಗುಡ್ಡಗಳು ಜರಿದು ಮನೆಗಳು ಹೋದ ವರ್ಷ. ಕರೆಂಟ್ ಇಲ್ಲ, ಬಸ್ ಇಲ್ಲ. ಆಗ ಅವಳಿಗೆ ಹನ್ನೊಂದು. ಛತ್ರಿ ನಿಲ್ಲದ ಗಾಳಿಯಲ್ಲಿ ಗೋಣಿ ಹೊದ್ದು ಹೋಗಿ ಅಳೆದು ಬರುತ್ತಿದ್ದಳು. ಒಂದು ದಿನವೂ ಖಾಲಿ ಬಿಟ್ಟಿಲ್ಲ.

ಎಂಟನೇ ಕ್ಲಾಸಿನವರೆಗೆ ಅವಳ ಗಣಿತ ನನಗೆ ಅರ್ಥವಾಗುತ್ತಿತ್ತು. ನಾನು ಪಿಯುಸಿ ಓದಿದವಳು. ಒಂದು ಸಂಜೆ ಅವಳು ಏನನ್ನೋ ಖುಷಿಯಿಂದ ವಿವರಿಸಿದಳು, ನಾನು "ಹೂಂ" ಎಂದೆ. ನನಗೆ ತಿಳಿಯಲಿಲ್ಲ ಅಂತ ಅವಳಿಗೆ ಗೊತ್ತಾಯಿತು. ಇನ್ನೊಂದು ಸಲ ನಿಧಾನವಾಗಿ ಹೇಳಿದಳು, ಆಮೇಲೆ ಸುಮ್ನೆ ನನ್ನ ಭುಜಕ್ಕೆ ತಲೆಯಿಟ್ಟಳು. ಮಕ್ಕಳು ಮನೆ ಬಿಡುವ ದಿನ ಬಸ್ ಹತ್ತುವ ದಿನ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನ್ನ ಮಗಳು ಆ ಸಂಜೆಯೇ ಹೊರಟಳು ಅಂತ ನನಗನ್ನಿಸುತ್ತದೆ. ಹೈಸ್ಕೂಲಿನ ಮೇಷ್ಟ್ರೂ ಒಂದು ದಿನ ಮನೆಗೆ ಬಂದು, "ನಾನು ಹೇಳಿಕೊಡುವುದು ಮುಗೀತು, ಇನ್ನು ದೊಡ್ಡವರ ಹತ್ತಿರ ಕಳಿಸಿ" ಎಂದರು. ದೊಡ್ಡ ಮನಸ್ಸಿನ ಮಾತು ಅದು. ಅವರು ಹೋದಮೇಲೆ ನಾನು ಅತ್ತೆ.

ಪಿಯುಸಿಗೆ ಗೋಣಿಕೊಪ್ಪ. ಬೆಳಗಿನ ಬಸ್, ರಸ್ತೆಯಲ್ಲಿ ಆನೆ ನಿಂತರೆ ಅದು ಸರಿಯುವವರೆಗೆ ಕಾಯಬೇಕು. ನೀಟ್ ಬರೆಸಿ, ಮಡಿಕೇರಿಯಲ್ಲೇ 2016ರಿಂದ ಮೆಡಿಕಲ್ ಕಾಲೇಜಿದೆಯಲ್ಲ ಅಂತ ನೆಂಟರು ಹೇಳಿದರು. ಅವಳು ಭಾರತೀಯ ಸಾಂಖ್ಯಿಕ ಸಂಸ್ಥೆಯ ಬೆಂಗಳೂರು ಕೇಂದ್ರದಲ್ಲಿ ಗಣಿತ ಓದಬೇಕು ಎಂದಳು. ಪರೀಕ್ಷೆ ಬೆಂಗಳೂರಿನಲ್ಲಿ. ಎರಡನೇ ಪತ್ರಿಕೆಯಲ್ಲಿ ಎಂಟೇ ಪ್ರಶ್ನೆ, ಎರಡು ಗಂಟೆ. ನಾವು ಗೇಟಿನ ಹೊರಗೆ ಮರದ ಕೆಳಗೆ ಕೂತಿದ್ದೆವು. ಹೊರಗೆ ಬಂದವಳ ಮುಖ ಹೂಮಳೆ ಬಿದ್ದ ತೋಟದ ಹಾಗಿತ್ತು. "ಎಷ್ಟು ಚೆನ್ನಾಗಿತ್ತು ಗೊತ್ತಾ" ಎಂದಳು. ಬರೆದದ್ದು ಹೇಗೆ ಅಂತ ಹೇಳಲೇ ಇಲ್ಲ, ಪ್ರಶ್ನೆಗಳ ಬಗ್ಗೆಯೇ ಹೇಳಿದಳು.

ಫಲಿತಾಂಶಕ್ಕೆ ಮುಂಚೆ ಇರ್ಪು ರಾಮೇಶ್ವರನ ಮುಂದೆ ಕೈ ಮುಗಿದು ನಿಂತೆ. ಏನು ಬೇಡಬೇಕು ಅಂತ ಬಾಯಿಗೆ ಬರಲಿಲ್ಲ. ಸಿಗಲಿ ಅಂದರೆ ಮನೆ ಖಾಲಿ. ಸಿಗದಿರಲಿ ಅನ್ನಲು ನಾಲಗೆ ಏಳಲಿಲ್ಲ, ಆದರೆ ಆ ಆಸೆ ಒಳಗೆ ಇತ್ತು. ಅದನ್ನು ನಿಮ್ಮ ಹತ್ತಿರ ಮುಚ್ಚಿಡುವುದಿಲ್ಲ. ಸೀಟು ಸಿಕ್ಕಿತು. ಮೊದಲು ಕುಣಿದವಳು ನಾನೇ.

ಈಗ ಕಕ್ಕಡ, ಕೊಡವರ ಲೆಕ್ಕದಲ್ಲಿ ಜೋರು ಮಳೆಯ ತಿಂಗಳು. ಮಳೆ ಬಿಟ್ಟಿಲ್ಲ. ಆಗಸ್ಟ್ ಮೊದಲ ವಾರ ಹೊರಡಬೇಕು. ಜಿಲ್ಲೆಯಲ್ಲಿ ರೈಲಿಲ್ಲ, ಬಸ್ಸಿನಲ್ಲಿ ಹುಣಸೂರು, ಮೈಸೂರು ದಾಟಿ ಇಡೀ ದಿನದ ದಾರಿ. ಕಕ್ಕಡ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ತಿಂದೇ ಹೋಗಲಿ ಅಂತ ಪಕ್ಕದ ಮನೆಯ ಕೊಡವ ಅಜ್ಜಿ ಹಟ ಹಿಡಿದಿದ್ದಾರೆ. ಬಟ್ಟೆ ಒಣಗುತ್ತಿಲ್ಲ, ಒಲೆಯ ಮೇಲಿನ ಹಗ್ಗಕ್ಕೆ ಹಾಕಿದ್ದೇನೆ. ಅವಳ ಚೂಡಿದಾರ್‌ಗಳಿಗೆಲ್ಲ ಹೊಗೆ ವಾಸನೆ ಹತ್ತಿದೆ. ಇನ್ನೊಂದು ಸಲ ಒಗೆಯೋಣ ಎಂದೆ. "ಬೇಡಮ್ಮಾ, ಹಾಗೇ ಇರಲಿ" ಎಂದಳು.

ಮಳೆ ಪುಸ್ತಕ ಯಾರು ಬರೆಯೋದು ಅಂತ ಅವಳಿಗೆ ಚಿಂತೆ. ಒಂದು ವಾರದಿಂದ ನನಗೆ ಕಲಿಸುತ್ತಿದ್ದಾಳೆ. ಗ್ಲಾಸಿನಲ್ಲಿ ನೀರು ಅಂಚಿಗೆ ಸ್ವಲ್ಪ ಏರಿ ನಡುವೆ ತಗ್ಗಿರುತ್ತದೆ. ಕಣ್ಣನ್ನು ಅದೇ ಮಟ್ಟಕ್ಕೆ ತಂದು ಆ ತಗ್ಗನ್ನೇ ಓದಬೇಕು. ನಾನು ಇಷ್ಟು ವರ್ಷ ಅಂಚನ್ನೇ ನೋಡುತ್ತಿದ್ದೆ. ಮೊನ್ನೆ ನಾನು "ಒಂದು ಇಂಚು 85" ಎಂದೆ. ಅವಳು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡಿ "82" ಎಂದಳು. ನಿನ್ನೆಯೂ ಎರಡು ಸೆಂಟ್ ತಪ್ಪಿತು. ಇವತ್ತು ಬೆಳಿಗ್ಗೆ ಎಂಟಕ್ಕೆ ಒಬ್ಬಳೇ ಹೋಗಿ ಅಳೆದೆ. ಒದ್ದೆ ಕೈಯಲ್ಲಿ ಒಳಗೆ ಬಂದು "ಎರಡು ಇಂಚು 10" ಎಂದೆ. ಅವಳು ಎದ್ದು ಹೋಗಿ ನೋಡಲಿಲ್ಲ. ಪೆನ್ನು ನನ್ನ ಕಡೆ ಚಾಚಿ, "ಬರಿ" ಎಂದಳು.