ನ್ಯೂರೋಫೀಡ್‌ಬ್ಯಾಕ್ ಶುರುವಾದ ಮೇಲೆ ಮಗನ ನಿದ್ದೆ ಕೆಟ್ಟಿದೆ, ಮುಂದುವರಿಸಬಹುದೇ?

ಪ್ರಶ್ನೆ: ಒಂಬತ್ತು ವರ್ಷದ ಮಗನಿಗೆ ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಟುವಟಿಕೆಯ ತೊಂದರೆ) ಇದೆ. ಮಾತ್ರೆ ಬೇಡವೆಂದು ನ್ಯೂರೋಫೀಡ್‌ಬ್ಯಾಕ್ ತರಬೇತಿಗೆ ಸೇರಿಸಿದೆವು. ಎರಡು ವಾರಗಳಿಂದ ಅವನಿಗೆ ಸಂಜೆಯಾದರೆ ತಲೆನೋವು, ಸಣ್ಣದಕ್ಕೂ ಸಿಡುಕು. ರಾತ್ರಿ ಎಷ್ಟು ಹೊತ್ತಾದರೂ ನಿದ್ದೆ ಬರುವುದಿಲ್ಲ. ‘ಇದಕ್ಕೆ ಅಡ್ಡಪರಿಣಾಮವೇ ಇಲ್ಲ, ಮಿದುಳು ಬದಲಾಗುತ್ತಿದೆ ಅಷ್ಟೆ’ ಎನ್ನುತ್ತಾರೆ ತರಬೇತುದಾರರು. ಮಿದುಳಿಗೆ ವಿದ್ಯುತ್ ಹಾಯಿಸುತ್ತಾರೆಯೇ ಎಂಬ ಭಯವೂ ಇದೆ.

ಉತ್ತರ: ಮೊದಲು ಆ ಭಯವನ್ನು ಬಿಡಿ. ನ್ಯೂರೋಫೀಡ್‌ಬ್ಯಾಕ್ ಎಂದರೆ ಮಿದುಳಿನ ಅಲೆಗಳನ್ನು ಅಳೆದು, ಅವು ಬೇಕಾದಂತೆ ಬದಲಾದಾಗ ಪರದೆಯಲ್ಲಿ ತೋರಿಸಿ, ಅವನ್ನು ಹಿಡಿತಕ್ಕೆ ತರಲು ಕಲಿಸುವ ತರಬೇತಿ. ಸಾಮಾನ್ಯ ನ್ಯೂರೋಫೀಡ್‌ಬ್ಯಾಕ್‌ನಲ್ಲಿ ನೆತ್ತಿಗೆ ಅಂಟಿಸುವ ಎಲೆಕ್ಟ್ರೋಡ್‌ಗಳು ಮಿದುಳಿನಿಂದ ಹೊಮ್ಮುವ ಸೂಕ್ಷ್ಮ ವಿದ್ಯುತ್ ಅಲೆಗಳನ್ನು ಅಳೆಯುತ್ತವೆ, ಒಳಗೆ ಏನನ್ನೂ ಕಳುಹಿಸುವುದಿಲ್ಲ. ಮಿದುಳಿನ ಅಲೆಗಳನ್ನು ದಾಖಲಿಸುವ ಇಇಜಿ ಪರೀಕ್ಷೆಯಲ್ಲಿ ಆಗುವುದೂ ಇದೇ. ಅಂಟಿನಿಂದ ಚರ್ಮ ಸ್ವಲ್ಪ ಕೆಂಪಾಗಬಹುದು.

ಆದರೆ ಅಡ್ಡಪರಿಣಾಮವೇ ಇಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಮಿದುಳನ್ನು ಒಳ್ಳೆಯದಕ್ಕೆ ಬದಲಿಸಬಲ್ಲ ತರಬೇತಿ ಎಂದು ಹೇಳಿಕೊಳ್ಳುವವರು, ಅದು ಕೆಟ್ಟದ್ದಕ್ಕೂ ಬದಲಿಸಬಹುದೆಂದು ಒಪ್ಪಲೇಬೇಕು. ಈ ಕ್ಷೇತ್ರದ ಆರಂಭದ ಸಂಶೋಧಕರಲ್ಲಿ ಒಬ್ಬರಾದ ಜೋಯಲ್ ಲೂಬಾರ್ ಇದನ್ನು 1976ರಲ್ಲೇ ಪರೀಕ್ಷಿಸಿದ್ದರು. ತರಬೇತಿಯಿಂದ ಸುಧಾರಿಸಿದ್ದ ಮಗುವಿಗೆ ಅದನ್ನೇ ತಿರುವುಮುರುವಾಗಿ ಕೊಟ್ಟಾಗ ಚಡಪಡಿಕೆ ಮರಳಿತು. ಮುಂದೆ ಮೂರ್ಛೆರೋಗಿಗಳಲ್ಲಿ ನಿಧಾನಗತಿಯ ಥೀಟಾ ಅಲೆಗಳನ್ನು ಹೆಚ್ಚಿಸಲು ಕಲಿಸಿದಾಗ ಕೆಲವರಿಗೆ ಫಿಟ್ಸ್ ಜಾಸ್ತಿಯಾಯಿತು.

ಹೆಚ್ಚಾಗಿ ಕಾಣುವ ತೊಂದರೆಗಳು ಆಯಾಸ, ತಲೆನೋವು, ತಲೆಸುತ್ತು, ಕಿರಿಕಿರಿ, ನಿದ್ದೆಗೇಡು. ಹಲವರಲ್ಲಿ ಇವು ಒಂದೆರಡು ದಿನಗಳಲ್ಲಿ ತಾವಾಗಿಯೇ ಇಳಿಯುತ್ತವೆ. ನಿಮ್ಮ ಮಗನದು ಎರಡು ವಾರದ ಮಾತು, ಹಾಗಾಗಿ ಕಡೆಗಣಿಸಬೇಡಿ.

ಎಡಿಎಚ್‌ಡಿಯಲ್ಲಿ ಸಾಮಾನ್ಯವಾಗಿ ಥೀಟಾ ತಗ್ಗಿಸಿ, ಎಚ್ಚರಕ್ಕೆ ಸಂಬಂಧಿಸಿದ ವೇಗದ ಬೀಟಾ ಅಲೆ ಹೆಚ್ಚಿದಾಗ ಪರದೆಯ ಆಟ ಮುಂದೆ ಸಾಗುವಂತೆ ಮಾಡುತ್ತಾರೆ. ಇದು ಅತಿಯಾದರೆ ಮಗು ಸಂಜೆಯಾದರೂ ಕಾವೇರಿದಂತೆಯೇ ಇರಬಹುದು. ಇನ್ನೊಂದು ಸಂಗತಿಯನ್ನು ಪೋಷಕರಿಗೆ ಯಾರೂ ಹೇಳುವುದಿಲ್ಲ. ಹಲ್ಲು ಕಚ್ಚಿದಾಗ, ಹಣೆ ಗಂಟಿಕ್ಕಿದಾಗ ಸ್ನಾಯುಗಳಿಂದ ಬರುವ ವಿದ್ಯುತ್ ಸಂಕೇತ ಬೀಟಾ ಅಲೆಯ ವ್ಯಾಪ್ತಿಗೇ ಬಂದು ಬೀಳುತ್ತದೆ. ಅದನ್ನು ಸರಿಯಾಗಿ ಸೋಸದ ಯಂತ್ರ, ಮಗು ದವಡೆ ಬಿಗಿಹಿಡಿದಷ್ಟೂ ಶಾಬಾಸ್ ಎನ್ನುತ್ತದೆ. ಮಗು ಕಲಿಯುವುದು ಗಮನವನ್ನಲ್ಲ, ಬಿಗಿತವನ್ನು. ಸಂಜೆಯ ತಲೆನೋವಿಗೆ ಇದೂ ಕಾರಣವಿರಬಹುದು. ಮತ್ತೆ ಎಂದಾದರೂ ತರಬೇತಿಗೆ ಹೋದರೆ ಪರದೆಯನ್ನು ನೋಡದೆ ಅವನ ದವಡೆ, ಭುಜಗಳನ್ನು ನೋಡುತ್ತ ಕುಳಿತುಕೊಳ್ಳಿ.

ವಯಸ್ಕರಿಗೆ ಕೊಡುವ, ಮನಸ್ಸನ್ನು ಆಳವಾದ ವಿಶ್ರಾಂತಿಗೆ ಇಳಿಸುವ ಆಲ್ಫಾ–ಥೀಟಾ ತರಬೇತಿಯ ಅಪಾಯ ಬೇರೆ: ಹಳೆಯ ಆಘಾತದ ನೆನಪುಗಳು ಉಕ್ಕಿ ಬರಬಹುದು. ಪಕ್ಕದಲ್ಲಿ ನುರಿತ ಮನೋಚಿಕಿತ್ಸಕರಿಲ್ಲದೆ ಅದಕ್ಕೆ ಕೈಹಾಕಬಾರದು.

ಈಗ ಮಾಡಬೇಕಾದದ್ದು: ತರಬೇತಿಯನ್ನು ಸದ್ಯಕ್ಕೆ ನಿಲ್ಲಿಸಿ, ಅವನ ನಿದ್ದೆ, ತಲೆನೋವನ್ನು ದಿನವೂ ಬರೆದಿಡಿ. ಮತ್ತೆ ಶುರುಮಾಡುವುದಾದರೆ ಯಾವ ಅಲೆಯನ್ನು, ತಲೆಯ ಯಾವ ಭಾಗದಲ್ಲಿ, ಎಷ್ಟು ಹೊತ್ತು ತರಬೇತಿಗೊಳಿಸುತ್ತಿದ್ದಾರೆ ಎಂದು ಕೇಳಿ. ಉತ್ತರ ತಡವರಿಸಿದರೆ ಅಲ್ಲಿಗೆ ಹೋಗಬೇಡಿ. ಮಗನಿಗೆ ಎಂದಾದರೂ ಫಿಟ್ಸ್ ಬಂದಿದ್ದರೆ, ಕ್ಷಣಕಾಲ ಶೂನ್ಯದಲ್ಲಿ ದಿಟ್ಟಿಸಿ ಕರೆದರೂ ಓಗೊಡದಿದ್ದರೆ, ನರರೋಗ ತಜ್ಞರನ್ನು ಕಾಣದೆ ಮುಂದುವರಿಸಲೇಬಾರದು.

ಇಷ್ಟೆಲ್ಲ ಹೇಳಿ, ಲಾಭದ ಲೆಕ್ಕವನ್ನು ಮುಚ್ಚಿಡುವುದು ಸರಿಯಲ್ಲ. 2021ರಲ್ಲಿ ಪ್ರಕಟವಾದ ಒಂದು ದೊಡ್ಡ ಅಧ್ಯಯನದಲ್ಲಿ 7ರಿಂದ 10 ವರ್ಷದ 144 ಮಕ್ಕಳಿದ್ದರು. ಕೆಲವರಿಗೆ ನಿಜವಾದ ತರಬೇತಿ, ಉಳಿದವರಿಗೆ ಮೊದಲೇ ದಾಖಲಿಸಿಟ್ಟ ಅಲೆಗಳನ್ನು ಆಧರಿಸಿದ ಹುಸಿ ತರಬೇತಿ. ಕೊನೆಯಲ್ಲಿ ಎರಡೂ ಗುಂಪಿನ ಮಕ್ಕಳು ಹೆಚ್ಚುಕಡಿಮೆ ಒಂದೇ ಮಟ್ಟಿಗೆ ಸುಧಾರಿಸಿದ್ದರು. ಆದ್ದರಿಂದ ಮಾತ್ರೆಗೆ ಇದು ಬದಲಿ ಎಂದು ನಾನು ಹೇಳಲಾರೆ. ಮಕ್ಕಳ ಮನೋವೈದ್ಯರ ಬಳಿ ಮಾತ್ರೆಯ ಬಗ್ಗೆ ನಿಮಗಿರುವ ಭಯವನ್ನೇ ಮೊದಲು ಹೇಳಿಕೊಳ್ಳಿ, ಪೋಷಕರಿಗೆ ಕೊಡುವ ವರ್ತನಾ ತರಬೇತಿಯ ಬಗ್ಗೆಯೂ ವಿಚಾರಿಸಿ.